ಹನ್ನೆರಡು ಸಾವಿರದ ಪಾಲಯ್ಯ

ಬದನೆಕಾಯಿ ಕೊಳ್ಳುವಾಗ ತೊಟ್ಟಿನಿಂದ ತುದಿಯವರೆಗೆ ತಿರುಗಿಸಿ ನೋಡಿ, ಹುಳುವಿನ ತೂತಿಲ್ಲವೆಂದು ಖಾತ್ರಿ ಮಾಡಿಕೊಂಡು, ಆಮೇಲೂ ಅನುಮಾನದಿಂದಲೇ ಚೀಲಕ್ಕೆ ಹಾಕುವ ಜಾತಿ ನನ್ನದು. ಇಂಥವನನ್ನು ಚಳ್ಳಕೆರೆಯ ಹಾಕಿ ತಂಡ ತನ್ನ ವ್ಯವಸ್ಥಾಪಕನನ್ನಾಗಿ ಮಾಡಿಕೊಂಡಿತು. ನಿವೃತ್ತ ಕನ್ನಡ ಉಪನ್ಯಾಸಕನಿಗೆ ಸಮಾಸ ಬಿಡಿಸಲು ಬಂದೀತು, ಆಟಗಾರರನ್ನು ಆರಿಸಲು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಸಂಭ್ರಮದಲ್ಲಿ ನಾನೂ ಕೇಳಿಕೊಳ್ಳಲಿಲ್ಲ.

ಆ ವರ್ಷ ಸುತ್ತಲಿನ ಊರುಗಳ ತಂಡಗಳು ಆಟಗಾರರನ್ನು ಹರಾಜಿನಲ್ಲಿ ಕೊಳ್ಳಬೇಕಿತ್ತು. ದುಡ್ಡಿದ್ದವರೇ ಎಲ್ಲರನ್ನೂ ಬಾಚಿಕೊಳ್ಳಬಾರದೆಂದು ತಂಡವೊಂದರ ಒಟ್ಟು ಸಂಭಾವನೆಗೆ ಎಂಬತ್ತು ಸಾವಿರದ ಮಿತಿ. ಒಮ್ಮೆ ಕೊಂಡ ಆಟಗಾರನ ಸಂಭಾವನೆ, ಅವನು ಆಡಲಿ ಬಿಡಲಿ, ಎರಡು ವರ್ಷ ಆ ಮಿತಿಯೊಳಗೇ ಕೂತಿರುತ್ತದೆ.

ಹರಾಜಿನ ಕೊನೆಗೆ ನಮ್ಮಲ್ಲಿ ಉಳಿದದ್ದು ಹದಿನೆಂಟು ಸಾವಿರ. ಒಬ್ಬ ಗೋಲ್‌ಕೀಪರ್, ಗೋಲು ಹೊಡೆಯುವ ಒಬ್ಬ ಮುಂಚೂಣಿ ಆಟಗಾರ, ಇಬ್ಬರೂ ಬೇಕು. ಆಗ ಬಂತು ಪಾಲಯ್ಯನ ಹೆಸರು. ಕೊಂಡ್ಲಹಳ್ಳಿಯ ಕುರಿಗಾಹಿ ಮನೆತನದವನು, ಚಳ್ಳಕೆರೆಯ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಕೆಲಸ. ಒಂದು ಕಾಲಕ್ಕೆ ಆಡಿದಲ್ಲೆಲ್ಲ ಗೋಲು. ಕಳೆದೆರಡು ವರ್ಷ ಒಂದೂ ಇಲ್ಲ. ಕನಿಷ್ಠ ಬೆಲೆ ಹನ್ನೆರಡು ಸಾವಿರ. ಕೊಂಡರೆ ಗೋಲ್‌ಕೀಪರ್‌ಗೆ ಉಳಿಯುವ ಆರು ಸಾವಿರಕ್ಕೆ ಯಾರಾದರೂ ಹೊಸಬನೇ ಗತಿ. ಪಾಲಯ್ಯ ಹೀಗೇ ಮಂಕಾಗಿದ್ದರೆ ಮುಂದಿನ ವರ್ಷವೂ ಕೈ ಕಟ್ಟಿಸಿಕೊಂಡು ಕೂರಬೇಕು.

"ತಗಳ್ಳಿ ಸಾರ್," ಎಂದ ಪಕ್ಕದಲ್ಲಿದ್ದ ನಮ್ಮ ನಾಯಕ ತಿಪ್ಪೇಶಿ. ಆಟೊ ಓಡಿಸುವವನು, ಮಾತು ಕಡಿಮೆ.

"ಎರಡು ವರ್ಷದಿಂದ ಒಂದು ಗೋಲಿಲ್ಲವಲ್ಲಪ್ಪ!"

ತಿಪ್ಪೇಶಿ ಮೇಲಿನ ತುಟಿ ಎತ್ತಿ ತೋರಿಸಿದ. "ಇವು ಮೂರೂ ಕಟ್ಟಿಸಿದ ಹಲ್ಲು ಸಾರ್. ಅವನು ಹೊಡೆದ ಚೆಂಡು ಬಡಿದು ನನ್ನವು ಹೋದ್ವು. ಅವತ್ತಿಂದ ಅವನು ಜೋರಾಗಿ ಹೊಡೆಯಾದೇ ಬಿಟ್ಟ. ಕೈಯಾಗೆ ಕಸುವು ಹಂಗೇ ಐತೆ. ಭಯ ಹೋಗ್ಬೇಕು, ಅಷ್ಟೇ."

"ಹೋಗದಿದ್ದರೆ?"

"ನಾನು ಪಕ್ಕದಾಗೇ ಇರ್ತೀನಲ್ಲ."

ಹಲ್ಲು ಕಳೆದುಕೊಂಡವನೇ ಜಾಮೀನು ನಿಂತಾಗ ನನ್ನ ಜಾಣತನ ತೆಪ್ಪಗಾಯಿತು. ಕೈ ಎತ್ತಿದೆ. ಬೇರೆ ತಂಡಗಳವರು ನಕ್ಕರು.

ಪಾಲಯ್ಯ ಪಂದ್ಯದ ಮೇಲೆ ಪಂದ್ಯ ಆಡಿದ, ಚೆಂಡನ್ನು ಮಾತ್ರ ಹಸುಗೂಸಿನಂತೆ ಇನ್ನೊಬ್ಬರಿಗೆ ಒಪ್ಪಿಸುತ್ತಲೇ ಇದ್ದ. ಆರು ಸಾವಿರದ ಹೊಸಬ ಗೋಲ್‌ಕೀಪರ್ ದೇವರಂತೆ ಕಾಪಾಡಿದ್ದರಿಂದ ಹೇಗೋ ಫೈನಲ್‌ಗೆ ಬಂದೆವು. ಮೊಳಕಾಲ್ಮೂರಿನ ಮೈದಾನ, ಆ ಊರಿನದೇ ತಂಡ ಎದುರಾಳಿ. ಒಂದಕ್ಕೊಂದು ಗೋಲು ಸಮವಾಗಿ, ಇನ್ನೆರಡೇ ನಿಮಿಷ ಉಳಿದಾಗ ಗೋಲಿನೆದುರು ಚೆಂಡು ಪಾಲಯ್ಯನಿಗೆ ಸಿಕ್ಕಿತು. ಅವನಿಗೂ ಗೋಲಿಗೂ ನಡುವೆ, ಚೆಂಡಿನ ದಾರಿಯಿಂದ ಮಾರು ದೂರ ಪಕ್ಕಕ್ಕೆ ತಿಪ್ಪೇಶಿ. ಎತ್ತಿದ ಸ್ಟಿಕ್ಕು ಎತ್ತಿದಲ್ಲೇ ನಿಂತಿತು.

ತಿಪ್ಪೇಶಿ ಕದಲಲಿಲ್ಲ. "ಹೊಡೀಲೇ ಪಾಲಾ! ನನಗೇನೂ ಆಗಲ್ಲ, ಹೊಡಿ!" ಎಂದವನು, ಕನ್ನಡ ಸಾಲದೆಂಬಂತೆ ತೆಲುಗಿನಲ್ಲೂ ಅದನ್ನೇ ಕೂಗಿದ: "ಕೊಟ್ಟರಾ!"

ಪಾಲಯ್ಯ ಕಣ್ಣು ಮುಚ್ಚಿ ಹೊಡೆದ. ಗೋಲಿನೊಳಗಿನ ಹಲಗೆಗೆ ಚೆಂಡು ಬಡಿದ ಸದ್ದು ನನಗೆ ಈಚಿನ ವರ್ಷಗಳಲ್ಲಿ ಕೇಳಿದ ಅತ್ಯಂತ ಸುಶ್ರಾವ್ಯ ನಾದ. ವಯಸ್ಸು, ಗಾಂಭೀರ್ಯ, ಮಂಡಿನೋವು ಮೂರನ್ನೂ ಮರೆತು ಮೈದಾನಕ್ಕೆ ನುಗ್ಗಿದೆ.

ಅಲ್ಲಿ ನೋಡಿದರೆ ಪಾಲಯ್ಯ ಯಾರ ಅಪ್ಪುಗೆಗೂ ಸಿಗದೆ, ತಿಪ್ಪೇಶಿಯ ಗಲ್ಲ ಹಿಡಿದು, "ಬಾಯಿ ತೆಗೀಲೇ, ಮೊದ್ಲು ಬಾಯಿ ತೆಗಿ!" ಎನ್ನುತ್ತಿದ್ದ. ತಿಪ್ಪೇಶಿ ಬಾಯಿ ತುಂಬ ನಕ್ಕ. ಎಲ್ಲವೂ ಸರಿಯಿದೆಯೆಂದು ಕಣ್ಣಾರೆ ಕಂಡ ಮೇಲಷ್ಟೇ ಪಾಲಯ್ಯ ನನ್ನ ಕಡೆ ತಿರುಗಿ ಕೇಳಿದ:

"ಸಾರ್, ಗೋಲ್ ಆತಾ?"