ಮಾತು ಮರೆಯುವ ವಾತ್ಲೆ

ಲಿಯೇಜ್ ಊರಿನ ನಮ್ಮ ರಂಗಮಂದಿರದಲ್ಲಿ ನಾಟಕ ಬರೆದು ತಾನೇ ನಾಯಕನಾಗಿ ಮೆರೆಯುವ ಆನ್ಸೆಲ್ಮ್ ವಾತ್ಲೆಯೊಡನೆ ಏಗುವುದು ಅವನ ಹೆಂಡತಿಗಿಂತ ನನಗೇ ಕಷ್ಟ; ವೇದಿಕೆಯಂಚಿನ ಗೂಡಿನಲ್ಲಿ ಕೂತು ಅವನಿಗೆ ಮಾತು ಎತ್ತಿಕೊಡುವವಳು ನಾನು. ಅವನ ಯಾವ ನಾಟಕದಲ್ಲೂ ನಾಯಕ ಉದ್ದನೆಯ ಭಾಷಣ ಬಿಗಿಯದೆ ಸಾಯುವುದಿಲ್ಲ. ಪರದೆ ಏಳುವ ಮುನ್ನ ಕೋಲಿನಿಂದ ಮೂರು ಸಲ ನೆಲ ಕುಟ್ಟುವುದನ್ನೂ ಬೇರೆಯವರಿಗೆ ಬಿಡುವುದಿಲ್ಲ. ಯಾರಾದರೂ ಹಸಿರು ಬಟ್ಟೆ ತೊಟ್ಟು ಬಂದರೆ ಅಪಶಕುನವೆಂದು ಮನೆಗಟ್ಟುತ್ತಾನೆ. ಇಷ್ಟೆಲ್ಲ ಮಾಡಿ, ಎರಡನೇ ಅಂಕದಲ್ಲಿ ತಾನೇ ಬರೆದ ಮಾತು ಮರೆತು ನನ್ನತ್ತ ಕಣ್ಣುಕಣ್ಣು ಬಿಡುತ್ತಾನೆ. “ಅಲ್ಲ ಮಾರಾಯ, ಬರೆದೋನು ನೀನೇ ತಾನೆ?” ಎಂದರೆ, “ಗಿಲೇನ್, ಬರೆಯೋದು ನನ್ನ ಕೆಲ್ಸ, ನೆನಪಿಟ್ಕೊಳ್ಳೋದು ನಿಂದು” ಎಂದು ಮೀಸೆ ತೀಡುತ್ತಾನೆ. ಬೇರೆಡೆಯೆಲ್ಲ ಇಂಥ ಗೂಡು ಮುಚ್ಚಿ ಎಷ್ಟೋ ಕಾಲವಾಯಿತು. ನಮ್ಮ ಮ್ಯಾನೇಜರ್ ಮಾತ್ರ, “ಈ ಮರೆಗುಳಿ ಇರೋವರೆಗೂ ಆಯಮ್ಮನ್ನ ಕೆಲ್ಸದಿಂದ ಬಿಡ್ಸೋ ಹಾಗಿಲ್ಲ” ಎಂದು ಹಲ್ಲು ಕಡಿಯುತ್ತಾನೆ. ಮೊನ್ನೆ ಗಂಟಲು ಕಟ್ಟಿ ನನಗೆ ಸ್ವರವೇ ಹೊರಡಲಿಲ್ಲ. ಇವತ್ತು ನಮ್ಮ ಮಾನ ಹೋಯಿತು ಅಂದುಕೊಂಡೆ. ಪುಣ್ಯಾತ್ಮ ಒಂದಕ್ಷರ ತಪ್ಪದೆ ಆಡಿ, ಸಾಯುವಾಗ ಬೇಕೆಂದೇ ನನ್ನ ಗೂಡಿನ ಪಕ್ಕಕ್ಕೆ ಬಿದ್ದು ಪಿಸುಗುಟ್ಟಿದ: “ಮ್ಯಾನೇಜರ್ ಇವತ್ತು ಊರಲ್ಲಿಲ್ಲ, ಸದ್ಯ. ನಾಳೆ ಬರ್ತಾನೆ. ಬೇಗ ಗಂಟ್ಲು ಸರಿ ಮಾಡ್ಕೋ, ನಾನು ಮತ್ತೆ ಮರೀಬೇಕು.”