ನಗೋ ಹುಡುಗಿಗೆ ಮನೆ ಕೊಡಲ್ಲ

ಗಂಗರತ್ನಳಿಗೆ ನಗು ಬರುವುದಕ್ಕೆ ಕಾರಣ ಬೇಕಿರಲಿಲ್ಲ, ನಗಬಾರದ ಜಾಗವಿದ್ದರೆ ಸಾಕಿತ್ತು. ಕುರುಡುಮಲೆ ಗಣೇಶನ ಮುಂದೆ ಊರಿನವರೆಲ್ಲ ಕಣ್ಣು ಮುಚ್ಚಿ ನಿಂತಿದ್ದಾಗ ಕಿಸಕ್ಕೆಂದು ನಕ್ಕು ಅಜ್ಜಿಯಿಂದ ತಲೆಗೆ ಮೊಟಕಿಸಿಕೊಂಡವಳು. ಅಪ್ಪ ಚನ್ನರಾಯಪ್ಪ ರಾಗಿ ಬೆಳೆದು, ಹಿಪ್ಪುನೇರಳೆ ಹಾಕಿ, ರೇಷ್ಮೆಹುಳು ಸಾಕಿ ಸಂಸಾರ ತೂಗಿಸುತ್ತಿದ್ದ ಮನುಷ್ಯ. ‘ಈ ನಗು ಇಟ್ಕಂಡು ಯಾವ ಮನೆ ಸೇರ್ತೀಯೋ ತಾಯಿ’ ಎನ್ನುತ್ತಿದ್ದ.

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಅವಳಿಗೆ ಶ್ರೀನಿವಾಸಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ ಸಿಕ್ಕಿತು. ವಂಶದಲ್ಲೇ ಮೊದಲ ಸರ್ಕಾರಿ ಸಂಬಳ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ‘ನಂಬರ್ ಪ್ಲೀಸ್’ ಎಂದರೆ ಆ ಕಡೆಯಿಂದ ಮಾವಿನ ಮಂಡಿಯ ಗಡ್ಡದ ಸಾಹುಕಾರರೂ ‘ಮೇಡಂ’ ಎನ್ನುತ್ತಿದ್ದರು. ಹಾಗೆ ಕರೆಸಿಕೊಂಡಾಗಲೆಲ್ಲ ಅವಳಿಗೆ ಹೊಟ್ಟೆಯೊಳಗೆ ಯಾರೋ ಕಚಗುಳಿಯಿಟ್ಟ ಹಾಗಾಗುತ್ತಿತ್ತು. ಆದರೆ ಊರಿಂದ ಮುಳಬಾಗಿಲಿಗೊಂದು ಬಸ್ಸು, ಅಲ್ಲಿಂದ ಶ್ರೀನಿವಾಸಪುರಕ್ಕೆ ಇನ್ನೊಂದು. ಮಾವಿನ ಕಾಲ ಶುರುವಾಯಿತೆಂದರೆ ಬೊಂಬಾಯಿಗೆ, ಮದ್ರಾಸಿಗೆ ಟ್ರಂಕ್ ಕಾಲು ಹಿಡಿದುಕೊಡುವಷ್ಟರಲ್ಲಿ ಊರಿನ ಬಸ್ಸು ಹೋಗಿಯೇಬಿಡುತ್ತಿತ್ತು. ಅಲ್ಲೇ ಒಂದು ಬಾಡಿಗೆ ಮನೆ ನೋಡಬೇಕಾಯಿತು. ಜೊತೆಗೆ ಇರುವುದಕ್ಕೆ ಅಮ್ಮನ ತಂಗಿ, ಚಿಕ್ಕಮ್ಮ ಬಚ್ಚಮ್ಮ ಒಪ್ಪಿದಳು. ಗಂಡ ಸತ್ತ ಮೇಲೆ ಅಣ್ಣನ ಮನೆಯಲ್ಲಿದ್ದ ಬಚ್ಚಮ್ಮನಿಗೂ ಪೇಟೆ ವಾಸದ ಆಸೆಯಿತ್ತು. ಹೊರಗೆ ಮಾತ್ರ ಹುಡುಗಿ ಕಾಯೋಕೆ ಹೋಗ್ತಿದೀನಿ ಎಂದು ಹೇಳಿಕೊಂಡಳು.

ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ಹೊರಟರು. ಮೊದಲು ನೋಡಿದ್ದು ಮಂಡಿ ಬೀದಿಯ ವೆಂಕಟರಾಯಪ್ಪನವರ ಮನೆ. ಬೆಲ್ಲದಂಥ ಮನುಷ್ಯ. ಕಾಫಿ ಕೊಡಿಸಿದರು, ‘ನಿಮ್ಮನೇನೇ ಅನ್ಕಳಿ’ ಎಂದರು. ನೀರು ಹೇಗೆ ಎಂದು ಗಂಗರತ್ನ ಕೇಳಿದಳು.

“ನೋಡ್ಕಳಾಣ ಬಿಡಮ್ಮ.”

ಬಚ್ಚಲಿನ ಬಾಗಿಲಿಗೆ ಚಿಲಕ ಇಲ್ಲವಲ್ಲ ಎಂದು ತೋರಿಸಿದಳು.

“ಅದೇನ್ ದೊಡ್ಡದು, ನೋಡ್ಕಳಾಣ.”

ಹಿಂದಿನ ಕೋಣೆಯಲ್ಲಿ ಯಾರದೋ ಮಾವಿನ ಬುಟ್ಟಿಗಳು ಸೂರಿಗೆ ತಾಗುವಂತೆ ಪೇರಿಸಿದ್ದವು. ಅದಕ್ಕೂ ಅದೇ ಉತ್ತರ. ಬೀದಿಗೆ ಬಂದ ಮೇಲೆ ಬಚ್ಚಮ್ಮ, “ಎಂಥ ಮಂಚೋಡು, ಒಳ್ಳೇ ಮನುಷ್ಯ ನೋಡೇ, ಇಂಥ ಓನರ್ ಸಿಗೋಕೆ ಪುಣ್ಯ ಮಾಡಿರ್ಬೇಕು” ಎಂದಳು.

ಎರಡನೆಯದು ಕೋದಂಡರಾಮಪ್ಪನವರ ಹಿತ್ತಲ ಕಡೆಯ ಮನೆ. ಆತ ಖಾಸಗಿ ಬಸ್ ಕಂಪನಿಯೊಂದರಲ್ಲಿ ಆಯುಷ್ಯವೆಲ್ಲ ಚೆಕಿಂಗ್ ಇನ್ಸ್‌ಪೆಕ್ಟರಾಗಿದ್ದು ರಿಟೈರಾದವರು. ಗೇಟಿನಲ್ಲಿ ಅಡ್ಡಲಾಗಿ ನಿಂತು, ಟಿಕೆಟ್ಟಿಲ್ಲದವರನ್ನು ನೋಡುವಂತೆ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು.

“ಎಷ್ಟು ಜನ?”

“ಇಬ್ಬರು ಸಾರ್.”

“ಅದು ಕಾಣ್ತೈತೆ. ಇರೋರೆಷ್ಟು, ಬಂದು ಹೋಗೋರೆಷ್ಟು?”

ಬಚ್ಚಮ್ಮ ಉತ್ತರ ಹುಡುಕುವುದರೊಳಗೆ ಆತ ಒಳಗೆ ನಡೆದು ಶುರುಮಾಡಿದರು. ಗೋಡೆಗೆ ಮೊಳೆ ಹೊಡೆಯಬಾರದು. ಗೇಟು ತೆಗೆದವರೇ ಹಾಕಬೇಕು. ಬೀದಿಯಲ್ಲಿ ನಿಂತು ಒಳಗಿನವರನ್ನು ಕೂಗಬಾರದು. ಬೆಳಗಾಗುವ ಮೊದಲೇ ಒರಳುಕಲ್ಲು ಗುಡುಗುಡು ಅನ್ನಿಸಬಾರದು. ಮಾವಿನ ವಾಟೆ ಅಂಗಳಕ್ಕೆ ಎಸೆಯಬಾರದು, ಎಸೆದರೆ ಮೊಳೆಯುತ್ತದೆ, ಮೊಳೆತರೆ ಕೀಳುವವರು ಯಾರು. ಮಾತಿನ ನಡುವೆಯೇ ಬಾವಿ ತೋರಿಸಿದರು; ರಾಟೆಗೆ ಎಣ್ಣೆ ಹಾಕಿತ್ತು. ಬಚ್ಚಲ ಚಿಲಕವನ್ನು ತಾವೇ ಹಾಕಿ, ತೆಗೆದು, ಮತ್ತೆ ಹಾಕಿ ತೋರಿಸಿದರು. ಕೊನೆಗೆ ತಿರುಗಿ ನಿಂತು ಬೆರಳೆತ್ತಿದರು.

“ಮುಖ್ಯವಾದ್ದು. ಜೋರಾಗಿ ನಗಬಾರ್ದು.”

ಅಷ್ಟು ಹೊತ್ತು ಗಂಗರತ್ನ ಹೇಗೋ ತಡೆದುಕೊಂಡಿದ್ದಳು. ಈಗ ಸೆರಗಿನ ತುದಿ ಕಚ್ಚಿದಳು. ಬಾವಿಯ ಕಡೆ ನೋಡಿದಳು. ಸತ್ತ ಅಜ್ಜಿಯನ್ನು ನೆನೆದಳು. ಅಜ್ಜಿ ಮೊಟಕಿದ್ದು ನೆನಪಾಗಿ ಇನ್ನೂ ಕೆಟ್ಟಿತು. ಮೂಗಿನಿಂದ ಒಂದು ಸದ್ದು ಹೊರಟು, ಆಮೇಲೆ ಕಟ್ಟೆ ಒಡೆದ ಹಾಗೆ ನಗು ಬಂತು. “ಏಮೇ ನೀಕು, ಸುಮ್ಕಿರೇ” ಎನ್ನುತ್ತಲೇ ಬಚ್ಚಮ್ಮನೂ ನಗತೊಡಗಿದಳು. ಇದೆಲ್ಲ ಸಾಲದೆಂಬಂತೆ ಮುಂಭಾಗದ ಓನರ್ ಮನೆಯ ಅಡುಗೆಮನೆ ಕಿಟಕಿಯಿಂದ ಮೂರನೆಯ ನಗುವೊಂದು ಕೇಳಿಸಿತು.

ಕೋದಂಡರಾಮಪ್ಪ ಕಿಟಕಿಯತ್ತ ತಿರುಗಿದರು. “ಲೇ ಆದಿಲಕ್ಷ್ಮಿ, ನೀನೂನಾ?”

ಕಿಟಕಿ ಸುಮ್ಮನಾಯಿತು. ಆತ ಗೇಟು ತೆಗೆದು ಹಿಡಿದರು. “ನಗೋ ಹುಡುಗಿಗೆ ಮನೆ ಕೊಡಲ್ಲ. ಹೋಗ್ಬನ್ನಿ.”

ಇಬ್ಬರೂ ಬಸ್‌ಸ್ಟ್ಯಾಂಡಿನವರೆಗೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಗುತ್ತಲೇ ನಡೆದರು. ಕಲ್ಲುಬೆಂಚಿನ ಮೇಲೆ ಕೂತು ಕಣ್ಣು ಒರೆಸಿಕೊಂಡ ಮೇಲೆ ಬಚ್ಚಮ್ಮ, “ಸರಿ, ವೆಂಕಟರಾಯಪ್ಪನೋರಿಗೇ ಹೂಂ ಅಂದ್ಬಿಡಾಣ” ಎಂದಳು.

ಗಂಗರತ್ನ ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ಮುನಿಯಲ್ಲಮ್ಮನನ್ನು, ಆ ಚೆಕಿಂಗ್‌ನೋರು ಹೇಗೆ ಎಂದು ಕೇಳಿದಳು.

“ಬಾಯಿ ಸರಿಯಿಲ್ಲ ಕಣಮ್ಮ. ಒಬ್ಬ ಮೇಷ್ಟ್ರು ಮೊಳೆ ವಿಷ್ಯಕ್ಕೇ ಜಗಳಾಡ್ಕಂಡು ಬಿಟ್ಟೋದ್ರು.” ಮುನಿಯಲ್ಲಮ್ಮ ದಾರ ಕಚ್ಚಿ ತುಂಡು ಮಾಡಿದಳು. “ಆದ್ರೆ ಆಡಿದ ಮಾತು ತಪ್ಪಿದ್ದು ನಾನು ಕೇಳಿಲ್ಲ. ಅವರ ಹೆಂಡ್ತಿ ಮಾತ್ರ ಬಂಗಾರ. ಪಾಪ, ಮಾತಾಡೋಕೆ ಜನ ಇಲ್ಲ.”

ಬಸ್ಸಿನಲ್ಲಿ ದಾರಿಯುದ್ದಕ್ಕೂ ಗಂಗರತ್ನ ಅದನ್ನೇ ಯೋಚಿಸಿದಳು. ಒಬ್ಬರು ಏನು ಕೇಳಿದರೂ ನೋಡ್ಕಳಾಣ ಎಂದಿದ್ದರು. ಇನ್ನೊಬ್ಬರು ಕೇಳದಿದ್ದರೂ ತಮ್ಮ ಕೆಟ್ಟ ಗುಣವನ್ನೆಲ್ಲ ಅಂಗಳದಲ್ಲಿ ಹರಡಿ ತೋರಿಸಿದ್ದರು. ಈತನಲ್ಲಿ ಮುಂದೆ ಕಂಡುಹಿಡಿಯಬೇಕಾದ್ದು ಏನೂ ಉಳಿದಿರಲಿಲ್ಲ. ಆಮೇಲೆ ಆ ಕಿಟಕಿ. ಒಂದೇ ನಗುವಿಗೆ ಮೂರು ಜನ ಸಿಕ್ಕುವ ಮನೆ ಶ್ರೀನಿವಾಸಪುರದಲ್ಲಿ ಇನ್ನೆಷ್ಟಿರಲು ಸಾಧ್ಯ?

ಮಾರನೇ ದಿನ ಊಟದ ಬಿಡುವಿನಲ್ಲಿ ಒಬ್ಬಳೇ ಹೋಗಿ ಗೇಟಿನ ಹೊರಗೆ ನಿಂತಳು. ಭಯಕ್ಕೂ ನಗು ಬರುವಂತಿತ್ತು.

“ಮತ್ತೆ ಯಾಕಮ್ಮ?”

“ನಿಮ್ಮ ಕಂಡೀಷನ್ ಎಲ್ಲಾ ಒಪ್ಕಂತೀನಿ ಸಾರ್. ನಗೋದೊಂದು ಬಿಟ್ಟು. ಅದು ನನ್ ಕೈಲಿಲ್ಲ.”

“ಯಾಕೆ ನಗ್ತೀಯ ಅಷ್ಟು?”

“ಗೊತ್ತಿಲ್ಲ ಸಾರ್. ಬೇಕಾದ್ರೆ ನಂದೂ ಒಂದು ಕಂಡೀಷನ್ ಐತೆ. ಬೈಯೋದಿದ್ರೆ ನನಗೇ ಬೈಬೇಕು. ಚಿಕ್ಕಮ್ಮಂಗೆ ಬೈಬಾರ್ದು.”

ಬಾಡಿಗೆಗೆ ಬಂದವರು ತಮಗೇ ಕಂಡೀಷನ್ ಹಾಕಿದ್ದು ಕೋದಂಡರಾಮಪ್ಪನವರಿಗೆ ಹೊಸದು. ಗೇಟಿನ ಮೇಲೆ ಕೈಯಿಟ್ಟು ಅವಳ ಮುಖ ನೋಡಿದರು. “ಟಿಕೆಟ್ ಇಲ್ಲದೋರು ನನ್ನ ಕಂಡ್ರೆ ಕಿಟಕಿ ಕಡೆ ಮುಖ ತಿರುಗಿಸ್ತಿದ್ರು” ಎಂದರು. “ನನ್ ಮುಖಕ್ಕೇ ನಗ್ತಿದ್ದೋರತ್ರ ಯಾವಾಗ್ಲೂ ಟಿಕೆಟ್ ಇರ್ತಿತ್ತು.” “ಮಧ್ಯಾಹ್ನ ನಾನು ಮಲಗಿದಾಗ ನಗಬಾರ್ದು” ಎಂದು ಸೇರಿಸಿದರು.

“ಮಧ್ಯಾಹ್ನ ನನಗೆ ಡ್ಯೂಟಿ ಸಾರ್.”

“ಭಾನುವಾರ?”

ಒಳಗಿನಿಂದ ಆದಿಲಕ್ಷ್ಮಮ್ಮ ಮಜ್ಜಿಗೆ ಲೋಟ ಹಿಡಿದು ಬಂದರು. “ಭಾನುವಾರ ಮಧ್ಯಾಹ್ನ ನೀವು ತೋಟಕ್ಕೆ ಹೋಗಿರ್ತೀರಲ್ಲ. ತಗಳಮ್ಮ, ಕುಡಿ. ಬಿಸಿಲಲ್ಲಿ ಬಂದಿದೀಯ.”

ಒಂದು ಟ್ರಂಕು, ಎರಡು ಚಾಪೆ, ರಾಗಿ ಮೂಟೆಯೊಂದಿಗೆ ಅವರು ಮನೆ ಸೇರಿದರು. ಮೊದಲ ಸಂಜೆ ಗಂಗರತ್ನ ತನ್ನದೇ ಬಾಗಿಲಿಗೆ ತನ್ನದೇ ಬೀಗ ಹಾಕಿದಳು, ತೆಗೆದಳು. ಹೊರಗೆ ಹೋಗಿ ಬಾಗಿಲು ತಟ್ಟಿದಳು. “ಯಾರದು” ಎಂದು ಬಚ್ಚಮ್ಮ ಒಳಗಿನಿಂದ ಗಂಭೀರವಾಗಿ ಕೇಳಿದಳು. “ಮನೆಯವರು” ಎಂದಳು ಇವಳು. ಅಷ್ಟಕ್ಕೇ ಇಬ್ಬರೂ ಹೊಸಿಲ ಮೇಲೆ ಕುಸಿದು ಕೂತರು. ಆದಿಲಕ್ಷ್ಮಮ್ಮ ಏನಾಯಿತೆಂದು ನೋಡಲು ಬಂದವರು ವಿಷಯ ತಿಳಿಯುವ ಮೊದಲೇ ನಕ್ಕರು.

ಕೋದಂಡರಾಮಪ್ಪ ಬದಲಾಗಲಿಲ್ಲ. ದೀಪ ಸುಮ್ಮನೆ ಉರಿಯುತ್ತಿದ್ದರೆ ಬಂದು ಆರಿಸಲು ಹೇಳುತ್ತಿದ್ದರು, ಗೇಟು ಸರಿಯಾಗಿ ಬೀಳದಿದ್ದರೆ ವಾಪಸು ಕರೆದು ಹಾಕಿಸುತ್ತಿದ್ದರು. ಆದರೆ ಮಾತಿನಂತೆ ಬೈಗುಳವೆಲ್ಲ ಗಂಗರತ್ನಳಿಗೇ. ಬಚ್ಚಮ್ಮ ಹಾಲು ಉಕ್ಕಿಸಿದರೂ ಅವಳು ಡ್ಯೂಟಿಯಿಂದ ಬರುವವರೆಗೆ ಕಾದಿದ್ದು ಅವಳಿಗೇ ಬೈಯುತ್ತಿದ್ದರು. ಅವಳನ್ನು ನೋಡಲು ಕದಿರೇಶನೆಂಬ ವರ ಬಂದಾಗ ಗೇಟಿನಲ್ಲೇ ತಡೆದು, ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗಬೇಕು ಎಂದು ವಿಚಾರಿಸಿದರು. ಬೆವೆತುಹೋದ ಕದಿರೇಶ ಜೇಬಿನಿಂದ ಬಸ್ ಟಿಕೆಟ್ ತೆಗೆದು ತೋರಿಸಿದ. ಕೋದಂಡರಾಮಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸು ಕೊಟ್ಟರು. ಒಳಗಿನಿಂದ ನೋಡುತ್ತಿದ್ದ ಗಂಗರತ್ನ ಅವನನ್ನು ಮದುವೆಯಾಗಲು ಆಗಲೇ ಒಪ್ಪಿಬಿಟ್ಟಳು. ಮದುವೆಯಾದ ಮೇಲೂ ಸಂಸಾರ ಅದೇ ಮನೆಯಲ್ಲಿ.

ಎಂಬತ್ತಾರರಲ್ಲಿ ಅವಳಿಗೆ ಕೋಲಾರಕ್ಕೆ ವರ್ಗವಾಯಿತು. ಸಾಮಾನು ಹೊತ್ತ ಲಾರಿ ಹೊರಡುವಾಗ ಆದಿಲಕ್ಷ್ಮಮ್ಮ, ಹೊಸ ಮನೆ ನೋಡಿಕೊಂಡು ಸಂಜೆಗೆ ಬಂದುಬಿಡುತ್ತೇನೆಂದು ಡ್ರೈವರ್ ಪಕ್ಕದ ಸೀಟಿನಲ್ಲಿ ಬಚ್ಚಮ್ಮನಿಗೆ ಒತ್ತಿಕೊಂಡು ಕೂತರು. ಸಂಜೆಗೆ ಬರಲಿಲ್ಲ. ಮರುದಿನ ಕೋಲಾರದ ಎಕ್ಸ್‌ಚೇಂಜಿಗೆ ಶ್ರೀನಿವಾಸಪುರದಿಂದ ಕಾಲು ಬಂತು.

“ನಮ್ಮನೆಯೋಳು ಎಲ್ಲಿ?”

“ಸಿನಿಮಾಕ್ಕೆ ಹೋಗಿದಾರೆ ಸಾರ್.”

ಅದರ ಮರುದಿನವೂ ಕಾಲು ಬಂತು. ಅಂತರಗಂಗೆ ಬೆಟ್ಟ ಹತ್ತಿದ್ದಾರೆ ಎಂದಳು. ಆ ಕಡೆಯಿಂದ, “ಉಪ್ಪಿಟ್ಟು ಮಾಡೋಕೆ ಎಷ್ಟು ನೀರು ಹಾಕ್ಬೇಕು, ಕೇಳಿ ಹೇಳು” ಎಂದು ಫೋನಿಟ್ಟರು.

ವಾರ ಕಳೆಯುವುದರೊಳಗೆ ಆತನೇ ಕೈಚೀಲ ಹಿಡಿದು ಬಂದರು. ಬಾಗಿಲಲ್ಲಿ ಮೂರು ಹೆಂಗಸರೂ ನಗುತ್ತ ನಿಂತಿದ್ದರು. ಕರೆದುಕೊಂಡು ಹೋಗಲು ಬಂದವರು ಮೊದಲು ಒಳಗೆ ಹೋಗಿ ಕಿಟಕಿಗಳನ್ನು ನೋಡಿದರು, ನಲ್ಲಿ ತಿರುಗಿಸಿ ನೋಡಿದರು, ಈ ಮನೆ ಓನರು ಸರಿಯಿಲ್ಲವೆಂದು ತೀರ್ಮಾನ ಕೊಟ್ಟರು. ಆಮೇಲೆ ಅಂಗಿ ಬಿಚ್ಚಿ ಕುರ್ಚಿಗೆ ಹಾಕಿ, ಸಾರಿನ ವಾಸನೆ ಬರುತ್ತಿದ್ದ ಅಡುಗೆಮನೆಯ ಕಡೆ ಮುಖ ಮಾಡಿ, “ಊಟ ಹಾಕ್ತೀರೋ, ಇಲ್ಲ ನಗ್ತಾನೇ ಇರ್ತೀರೋ” ಎಂದರು.