ಗೆಜ್ಜೆ ಕಟ್ಟಿದ ಗೇಟು

ಜಗತ್ ಸರ್ಕಲ್ ಹಿಂದಿನ ನಮ್ಮ ಓಣಿಯಲ್ಲಿ ಬೆಳಿಗ್ಗೆ ಎದುರುಮನೆಯ ಗೇಟಿಗೆ ಕಟ್ಟಿದ ಗೆಜ್ಜೆ ಸದ್ದಾಯಿತೆಂದರೆ, ಕಮಲಾಪುರದ ಕಾಲೇಜಿನಲ್ಲಿ ನಮಗೆ ಡಿಜಿಟಲ್ ನಕಾಶೆ ಕಲಿಸುವ ರಘೂತ್ತಮ ಸರ್ ಹೊರಟರೆಂದೇ ಅರ್ಥ. ಅವರಿದ್ದ ಬಸ್ಸು ಹತ್ತಿದರೆ ನಮ್ಮ ಕತೆ ಮುಗಿಯಿತು. ನಕಾಶೆಯಲ್ಲಿ ರಸ್ತೆಗಳದೊಂದು ಪದರ, ಅದರ ಮೇಲೆ ಬಾವಿಗಳದೊಂದು, ಮನೆಗಳದೊಂದು ಎಂದು ಕಂಡಕ್ಟರನಿಗೂ ಪಾಠ ನಡೆಯುತ್ತದೆ. ಮದುವೆಗೆ ಕರೆದರೆ ಮುಹೂರ್ತ ಬಿಟ್ಟು ಅಕ್ಷಾಂಶ, ರೇಖಾಂಶ ಕೇಳುತ್ತಾರೆ. ಪ್ರೀತಿಯಿಂದ ಕೆಂಪು ಬಾಳೆಹಣ್ಣು ಕೊಟ್ಟರೂ, “ಯಾವ ಹೊಲದ್ದು ಇದು? ಮೊದಲ ನಕಾಶಾದಾಗ ಚುಕ್ಕಿ ಇಡು, ಆಮ್ಯಾಲ ತಿನ್ನೂಣು” ಎನ್ನುತ್ತಾರೆ. ಅಷ್ಟರಲ್ಲಿ ನಮ್ಮ ಹಸಿವೇ ಸತ್ತಿರುತ್ತದೆ. ಈ ಭಾನುವಾರ ನಮ್ಮ ಕಟ್ಟೆಯ ಮೇಲೆ ಅವರು ಲ್ಯಾಪ್‌ಟಾಪ್ ತೆರೆದು ಕೂತಾಗ, ‘ಆಯಿ’ ಎಂಬ ಹೆಸರಿನ ಪದರವೊಂದು ಕಂಡಿತು. ಊರ ತುಂಬ ಚುಕ್ಕೆಗಳು. ಮರೆವಿನ ಕಾಯಿಲೆಯ ಅವರ ತಾಯಿ ಅನಸೂಯಾಬಾಯಿ ಮನೆಬಿಟ್ಟು ಹೋದಾಗಲೆಲ್ಲ ಸಿಕ್ಕ ಜಾಗಗಳಂತೆ. ಗೆಜ್ಜೆ ಯಾಕೆಂದು ಆಗ ಹೊಳೆಯಿತು. “ಈಗಿನ ನಕಾಶಾದಾಗ ನೋಡಿದ್ರ ಆಕಿ ದಾರಿ ತಪ್ಪ್ಯಾಳ. ಕೆಳಗ ಹಳೇ ಊರಿನ ನಕಾಶಾ ಹಾಸಿ ನೋಡು, ಎಲ್ಲಾ ಚುಕ್ಕಿ ತವರುಮನಿ ದಾರಿಮ್ಯಾಲೇ ಅವ. ಆ ಮನಿ ಕೆಡವಿ ಅಂಗಡಿ ಕಟ್ಟ್ಯಾರ, ಆಕಿಗೆ ಅದೇ ಗೊತ್ತಿಲ್ಲ. ಇನ್ನ ಮುಂದಿನ ಚುಕ್ಕಿ ಎಲ್ಲಿ ಬೀಳ್ತದ ಅಂದ್ರ…” ಎನ್ನುವಷ್ಟರಲ್ಲಿ ಎದುರಿನ ಗೆಜ್ಜೆ ಸದ್ದಾಯಿತು, ಲ್ಯಾಪ್‌ಟಾಪ್ ನನ್ನ ತೊಡೆಯ ಮೇಲಿಟ್ಟು, ಸರ್ ಬರಿಗಾಲಲ್ಲೇ ಆಯಿಯ ಹಿಂದೆ ಹಳೇ ಊರಿನ ಕಡೆ ನಡೆದುಬಿಟ್ಟರು.